ಅಪ್ಪನ ಸ್ಕ್ಯಾನ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’: ಬಯಾಪ್ಸಿ ಇಲ್ಲದೆ ಲಿವರ್ ಎಷ್ಟು ಹಾಳಾಗಿದೆ ಅಂತ ತಿಳಿಯಬಹುದಾ?

ದೀಪಾ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 58 ವರ್ಷ. ಬಹಳ ವರ್ಷದಿಂದ ಶುಗರ್ ಇದೆ, ಬಿಪಿ ಮಾತ್ರೆಯೂ ನಡೆಯುತ್ತಿದೆ. ತೂಕ 82 ಕೆಜಿ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಕುಡಿಯುವ ಅಭ್ಯಾಸ ಇಲ್ಲವೇ ಇಲ್ಲ. ಹೋದ ತಿಂಗಳು ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡಿಸಿದಾಗ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬರೆದಿದ್ದಾರೆ. ಚಿಕ್ಕಪ್ಪ ಅದನ್ನು ನೋಡಿ, ಮೂರರಲ್ಲಿ ಎರಡು ಅಂದರೆ ಲಿವರ್ ಅರ್ಧಕ್ಕಿಂತ ಜಾಸ್ತಿ ಹೋಗಿದೆ, ಸೂಜಿ ಹಾಕಿ ಚೂರು ತೆಗೆದು ನೋಡದೆ ಏನೂ ಗೊತ್ತಾಗಲ್ಲ ಅಂತ ಹೇಳಿಬಿಟ್ಟರು. ಅವತ್ತಿನಿಂದ ಅಪ್ಪ ಸರಿಯಾಗಿ ಊಟವೂ ಮಾಡುತ್ತಿಲ್ಲ, ಆಸ್ಪತ್ರೆಗೆ ಬನ್ನಿ ಅಂದರೆ ಮಾತು ಬದಲಿಸುತ್ತಾರೆ.

ಶುಗರ್ ಡಾಕ್ಟರು ಗಾಬರಿ ಬೇಡ, ಮೊದಲು ಫೈಬ್ರೋಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಬ್ಲಡ್ ಟೆಸ್ಟ್ ಇದು: ಲಿವರ್ ಕಿಣ್ವಗಳಾದ ಎಸ್‌ಜಿಒಟಿ 46, ಎಸ್‌ಜಿಪಿಟಿ 58, ಪ್ಲೇಟ್‌ಲೆಟ್ 1.85 ಲಕ್ಷ. ಬಿಲಿರುಬಿನ್, ಆಲ್ಬುಮಿನ್ ನಾರ್ಮಲ್. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್. ಬಯಾಪ್ಸಿ ಇಲ್ಲದೆ ನಿಜವಾಗಿ ತಿಳಿಯುವ ದಾರಿ ಇದೆಯಾ? ಈ ಫೈಬ್ರೋಸ್ಕ್ಯಾನ್ ಅನ್ನುವುದನ್ನು ನಂಬಬಹುದಾ? ಗೊತ್ತಿರುವವರು ಬಿಡಿಸಿ ಹೇಳಿ ದಯವಿಟ್ಟು.

ಲ್ಯಾಬ್_ಮಂಜು:

ದೀಪಾ ಅವರೇ, ಮೊದಲು ಚಿಕ್ಕಪ್ಪ ಹೇಳಿದ್ದನ್ನು ಅಪ್ಪನ ತಲೆಯಿಂದ ತೆಗೆಸಿ. ಸ್ಕ್ಯಾನ್‌ನ ಗ್ರೇಡ್ 1, 2, 3 ಎಲ್ಲ ಕೊಬ್ಬಿನ ಲೆಕ್ಕ. ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಅಂತ ನೋಡಿ ಬರೆಯುತ್ತಾರೆ, ಅಷ್ಟೇ. ಲಿವರ್ ಒಳಗೆ ನಾರುಗಟ್ಟುವುದು, ಅಂದರೆ ಫೈಬ್ರೋಸಿಸ್, ಬೇರೆಯೇ ವಿಷಯ. ಅದನ್ನು ಎಫ್0 ಇಂದ ಎಫ್4 ತನಕ ಅಳೆಯುತ್ತಾರೆ, ಎಫ್4 ಅಂದರೆ ಸಿರೋಸಿಸ್, ನಾರು ತುಂಬಿ ಲಿವರ್ ಗಂಟುಗಂಟಾಗಿ ಗಟ್ಟಿಯಾದ ಹಂತ. ಗ್ರೇಡ್ 3 ಇದ್ದು ಎಫ್0 ಇರುವವರಿದ್ದಾರೆ. ಗ್ರೇಡ್ 1 ಇದ್ದು ಒಳಗೆ ಎಫ್3 ಆಗಿರುವವರೂ ಇದ್ದಾರೆ. ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯ ಆಗುತ್ತದೆ, ಸಿರೋಸಿಸ್ ಮುಂದುವರಿದಾಗ ಎಷ್ಟೋ ಜನರಿಗೆ ಕೊಬ್ಬು ತಾನಾಗಿಯೇ ಕಡಿಮೆ ಆಗುತ್ತದೆ, ಸ್ಕ್ಯಾನ್ ಹಿಂದಿಗಿಂತ ಚೆನ್ನಾಗಿ ಬಂತು ಅಂತ ಮನೆಯವರು ಸಮಾಧಾನ ಪಟ್ಟುಕೊಂಡಿರುತ್ತಾರೆ. ಹಾಗಾಗಿ ಗ್ರೇಡ್ ನೋಡಿ ಹೆದರುವುದೂ ಬೇಡ, ಧೈರ್ಯ ತಂದುಕೊಳ್ಳುವುದೂ ಬೇಡ.

ಮುಂದೆ ಏನಾಗಬಹುದು ಅಂತ ಹೇಳುವುದು ಈ ನಾರಿನ ಪ್ರಮಾಣವೇ. ಕೊಬ್ಬು ಎಷ್ಟಿದೆ ಅನ್ನುವುದಕ್ಕೆ ಅಷ್ಟು ಬೆಲೆ ಇಲ್ಲ. ಅದಕ್ಕೇ ಇದನ್ನೆಲ್ಲ ಇಷ್ಟು ಬರೆಯುತ್ತಿದ್ದೇನೆ.

ಒಂದು ಲೆಕ್ಕವನ್ನು ನೀವು ಮನೆಯಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದು. ಅದರ ಹೆಸರು ಫಿಬ್-4. 2006ರಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ ಮಾಡಿದ ಸೂತ್ರ, ಆಮೇಲೆ ಫ್ಯಾಟಿ ಲಿವರ್‌ಗೂ ಚೆನ್ನಾಗಿ ಹೊಂದಿತು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. ಇಲ್ಲಿ ತುಂಬಾ ಜನ ಎಡವುತ್ತಾರೆ: ನಮ್ಮ ಲ್ಯಾಬ್‌ಗಳು ಪ್ಲೇಟ್‌ಲೆಟ್ ಅನ್ನು ಲಕ್ಷದಲ್ಲಿ ಕೊಡುತ್ತವೆ, ಸೂತ್ರಕ್ಕೆ ಸಾವಿರದಲ್ಲಿ ಬೇಕು. 1.85 ಲಕ್ಷ ಅಂದರೆ 185 ಅಂತ ಹಾಕಬೇಕು.

ನಿಮ್ಮ ಅಪ್ಪನದು: 58 × 46 = 2668. 58ರ ವರ್ಗಮೂಲ ಸುಮಾರು 7.6, ಅದನ್ನು 185ರಿಂದ ಗುಣಿಸಿದರೆ 1409. ಭಾಗಿಸಿದರೆ 1.89.

1.3ಕ್ಕಿಂತ ಕಡಿಮೆ ಬಂದರೆ ಜಾಸ್ತಿ ನಾರುಗಟ್ಟಿರುವ ಸಾಧ್ಯತೆ ತುಂಬಾ ಕಡಿಮೆ. 2.67ಕ್ಕಿಂತ ಮೇಲೆ ಬಂದರೆ ಲಿವರ್ ತಜ್ಞರನ್ನು ನೋಡಲೇಬೇಕು. ನಡುವೆ ಬಂದರೆ ಈ ಲೆಕ್ಕದಿಂದ ತೀರ್ಮಾನ ಆಗಲ್ಲ, ಎರಡನೇ ಟೆಸ್ಟ್ ಬೇಕು. ಅಪ್ಪನದು ನಡುವೆ ಇದೆ. ಅದಕ್ಕೇ ನಿಮ್ಮ ಡಾಕ್ಟರು ಫೈಬ್ರೋಸ್ಕ್ಯಾನ್ ಬರೆದಿರುವುದು, ಸರಿಯಾಗಿಯೇ ಬರೆದಿದ್ದಾರೆ.

ಫಿಬ್-4 ಯಾಕೆ ಕೆಲಸ ಮಾಡುತ್ತದೆ ಅಂದರೆ, ಲಿವರ್ ಗಟ್ಟಿಯಾದಂತೆ ಅದರೊಳಗೆ ರಕ್ತ ಹರಿಯುವುದು ಕಷ್ಟ ಆಗುತ್ತದೆ, ಒತ್ತಡ ಹಿಂದಕ್ಕೆ ಹೋಗಿ ಗುಲ್ಮ ದೊಡ್ಡದಾಗುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಪ್ಲೇಟ್‌ಲೆಟ್ ತಯಾರಾಗಲು ಬೇಕಾದ ಹಾರ್ಮೋನನ್ನೂ ಲಿವರೇ ಮಾಡುವುದು, ಅದೂ ಕಡಿಮೆ ಆಗುತ್ತದೆ. ಮೊದಮೊದಲು ಎಸ್‌ಜಿಪಿಟಿ ಮೇಲಿರುತ್ತದೆ, ನಾರು ಜಾಸ್ತಿ ಆದಂತೆ ಎಸ್‌ಜಿಒಟಿ ಅದನ್ನು ದಾಟುತ್ತದೆ. ಈ ಎಲ್ಲವನ್ನೂ ಸೂತ್ರ ಒಟ್ಟಿಗೆ ಹಿಡಿಯುತ್ತದೆ.

ಒಂದು ಎಚ್ಚರಿಕೆ. ಡೆಂಗಿ ಬಂದು ಹೋದ ಹೊಸದರಲ್ಲಿ ಈ ಲೆಕ್ಕ ಮಾಡಬೇಡಿ. ಪ್ಲೇಟ್‌ಲೆಟ್ ಬಿದ್ದಿರುತ್ತದೆ, ಎಸ್‌ಜಿಒಟಿ ಏರಿರುತ್ತದೆ, ಉತ್ತರ ಸುಮ್ನೆ ಐದಾರು ಅಂತ ಬಂದು ಮನೆಯವರೆಲ್ಲ ಕಂಗಾಲಾಗುತ್ತಾರೆ. ಮಳೆಗಾಲದಲ್ಲಿ ಇದನ್ನು ನಮ್ಮ ಲ್ಯಾಬ್‌ನಲ್ಲಿ ಪದೇ ಪದೇ ನೋಡುತ್ತೇನೆ. ಪೂರ್ತಿ ಚೇತರಿಸಿಕೊಂಡ ಮೇಲೆ ಮತ್ತೆ ಬ್ಲಡ್ ಟೆಸ್ಟ್ ಮಾಡಿಸಿ ಲೆಕ್ಕ ಹಾಕಬೇಕು.

ತೋಟದಮನೆ_ಮೂಡಿಗೆರೆ:

ಮಂಜು ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಫೈಬ್ರೋಸ್ಕ್ಯಾನ್ ಮಾಡಿಸಿಕೊಂಡವನು, ಅದರ ಬಗ್ಗೆ ಹೇಳುತ್ತೇನೆ. ಅಪ್ಪನಿಗೆ ಓದಿ ಹೇಳಿ.

ನೋವು ಇಲ್ಲ. ಸೂಜಿ ಇಲ್ಲ. ಮಲಗಿಸಿ ಬಲಗೈಯನ್ನು ತಲೆಯ ಹಿಂದೆ ಇಡಿಸುತ್ತಾರೆ, ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿ ಒಂದು ಪ್ರೋಬ್ ಇಟ್ಟು ಟಕ್ ಟಕ್ ಅಂತ ಮೆಲ್ಲಗೆ ತಟ್ಟುತ್ತದೆ, ಅಷ್ಟೇ. ಹತ್ತು ನಿಮಿಷವೂ ಬೇಡ. ಹಲಸಿನಹಣ್ಣನ್ನು ತಟ್ಟಿ ಒಳಗೆ ಹೇಗಿದೆ ಅಂತ ನೋಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ತರಹ. ಆ ತಟ್ಟಿನಿಂದ ಒಂದು ಅಲೆ ಲಿವರ್ ಒಳಗೆ ಹೋಗುತ್ತದೆ, ಲಿವರ್ ಗಟ್ಟಿಯಾದಷ್ಟೂ ಅಲೆ ಬೇಗ ಓಡುತ್ತದೆ, ಆ ವೇಗವನ್ನು ಅಲ್ಟ್ರಾಸೌಂಡ್ ಅಳೆಯುತ್ತದೆ. ಗಟ್ಟಿತನವನ್ನು ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ ಕೊಡುತ್ತಾರೆ. ಜೊತೆಗೆ ಕ್ಯಾಪ್ ಅಂತ ಇನ್ನೊಂದು ನಂಬರ್ ಬರುತ್ತದೆ, ಅದು ಕೊಬ್ಬಿನದು. ಎರಡನ್ನೂ ಬೆರೆಸಿಕೊಳ್ಳಬೇಡಿ.

ಇನ್ನು ನನ್ನ ಅನುಭವ. ಊರಿನ ಹತ್ತಿರ ಒಂದು ಉಚಿತ ಕ್ಯಾಂಪ್‌ನಲ್ಲಿ ಮಧ್ಯಾಹ್ನ ಊಟ ಮಾಡಿ ಕೈ ತೊಳೆದವನನ್ನು ಹಾಗೇ ಮಲಗಿಸಿ ಸ್ಕ್ಯಾನ್ ಮಾಡಿದರು. 11.2 ಬಂತು. ಊಟ ಆಗಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಅಲ್ಲೇ ಒಂದು ಕಟ್ಟು ಮಾತ್ರೆ ಕೊಡಲು ಹೊರಟಿದ್ದರು. ಮಗಳು ಬಿಡಲಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದಳು. 7.1. ಉಂಡ ಮೇಲೆ ಲಿವರ್‌ಗೆ ರಕ್ತದ ಹರಿವು ಜಾಸ್ತಿ ಆಗುತ್ತದೆ, ಅಳತೆ ಮೇಲೆ ಹೋಗುತ್ತದೆ ಅಂತ ಅಲ್ಲಿಯ ಡಾಕ್ಟರು ವಿವರಿಸಿದರು. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಶುಗರ್ ಮಾತ್ರೆ, ಇನ್ಸುಲಿನ್ ಇದ್ದರೆ ಆವತ್ತು ಯಾವಾಗ ತೆಗೆದುಕೊಳ್ಳಬೇಕು ಅಂತ ಮೊದಲೇ ಕೇಳಿಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಶುಗರ್ ಇಳಿದು ತಲೆ ತಿರುಗಬಾರದು.

ರಿಪೋರ್ಟ್‌ನಲ್ಲಿ ಇನ್ನೆರಡು ಕಡೆ ಕಣ್ಣಾಡಿಸಿ. ಹತ್ತು ಸರಿಯಾದ ಅಳತೆ ಸಿಕ್ಕಿದೆಯಾ? ಪಕ್ಕದಲ್ಲಿ ಐಕ್ಯೂಆರ್ ಅಂತ ಪರ್ಸೆಂಟ್ ಇರುತ್ತದೆ, ಅದು 30ರ ಒಳಗಿದೆಯಾ? 30 ದಾಟಿದ್ದರೆ ಹತ್ತು ಅಳತೆಗಳು ಒಂದಕ್ಕೊಂದು ಹೊಂದಿಲ್ಲ ಅಂತ ಅರ್ಥ, ಮತ್ತೆ ಮಾಡಲು ಕೇಳಿ. ದಪ್ಪ ಇರುವವರಿಗೆ ಎಕ್ಸ್ಎಲ್ ಅಂತ ಬೇರೆ ಪ್ರೋಬ್ ಇದೆ, ಅದು ಅವರಲ್ಲಿ ಇದೆಯಾ ಅಂತ ಫೋನ್ ಮಾಡಿ ತಿಳಿದುಕೊಂಡೇ ಹೋಗಿ.

ಶರಣು_ಕಲಬುರಗಿ:

ಇಷ್ಟೆಲ್ಲ ಟೆಸ್ಟ್ ಬೇಕಾ? ನಮ್ಮ ಕಡೆ ನೆಲನೆಲ್ಲಿ ರಸ, ಅಮೃತಬಳ್ಳಿ ಕಷಾಯ ಕೊಡುತ್ತಾರೆ. ಮೂರು ತಿಂಗಳು ಕುಡಿದು ಆಮೇಲೆ ಸ್ಕ್ಯಾನ್ ಮಾಡಿಸಿದರೆ ಆಗಲ್ವಾ?

ಫಿಜಿಶಿಯನ್_ಹುಬ್ಬಳ್ಳಿ:

ಶರಣು ಅವರೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ದಯವಿಟ್ಟು ಬೇಡ. ಕೋವಿಡ್ ಸಮಯದಲ್ಲಿ ದಿನಾ ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡು ಕಾಮಾಲೆಯಾಗಿ ಬಂದ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮೊದಲೇ ಲಿವರ್ ತೊಂದರೆ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಅದೂ ಅಲ್ಲದೆ, ಲಿವರ್ ಊದಿಕೊಂಡಿರುವಾಗ ಫೈಬ್ರೋಸ್ಕ್ಯಾನ್ ಮಾಡಿದರೆ ನಂಬರ್ ಸುಳ್ಳಾಗಿ ಮೇಲೆ ಬರುತ್ತದೆ. ಕಾಮಾಲೆ, ಪಿತ್ತನಾಳ ಕಟ್ಟಿಕೊಂಡಿರುವುದು, ಹಾರ್ಟ್ ಫೇಲ್ಯೂರ್ ಇದ್ದಾಗಲೂ ಹಾಗೇ. ನಾರು ಇಲ್ಲದೆಯೂ ಲಿವರ್ ಗಟ್ಟಿ ಅನ್ನಿಸುತ್ತದೆ. ಕಷಾಯ ಈಗಾಗಲೇ ಕುಡಿಯುತ್ತಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಕಾಯುವುದು ಯಾಕೆ ಬೇಡ ಅಂದರೆ, ಈ ಕಾಯಿಲೆ ಸದ್ದು ಮಾಡುವುದಿಲ್ಲ. ಎಫ್3 ತಲುಪುವ ತನಕವೂ ನೋವಿಲ್ಲ, ಸುಸ್ತು ಬಿಟ್ಟರೆ ಬೇರೆ ಲಕ್ಷಣ ಇಲ್ಲ, ಎಷ್ಟೋ ಸಲ ಎಸ್‌ಜಿಪಿಟಿ ಕೂಡ ನಾರ್ಮಲ್. ಕಾಲು ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿ ಮಾಡಿಕೊಂಡು ಬರುವವರಲ್ಲಿ ಬಹಳ ಜನ ಒಂದು ತೊಟ್ಟು ಕುಡಿದವರಲ್ಲ. ಶುಗರ್ ಇದ್ದವರು, ಯಾರೂ ಒಂದು ಸಲವೂ ಲಿವರ್ ಕಡೆ ನೋಡದೆ ಬಿಟ್ಟವರು. ಅವರ ಹಳೇ ಫೈಲ್ ತೆಗೆದರೆ ವರ್ಷಗಳ ಹಿಂದಿನ ಬ್ಲಡ್ ಟೆಸ್ಟ್ ಇರುತ್ತದೆ, ಅದರಲ್ಲಿ ಪ್ಲೇಟ್‌ಲೆಟ್ ನಿಧಾನಕ್ಕೆ ಇಳಿಯುತ್ತಾ ಬಂದದ್ದು ಕಾಣುತ್ತದೆ. ಯಾರಾದರೂ ಆಗ ಫಿಬ್-4 ಲೆಕ್ಕ ಹಾಕಿದ್ದರೆ ಎಷ್ಟು ಬದಲಾಗುತ್ತಿತ್ತು! ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಟೈಪ್ 2 ಶುಗರ್ ಇರುವ ಪ್ರತಿಯೊಬ್ಬರಿಗೂ ಈ ಲೆಕ್ಕ ಮಾಡಿ ಅಂತ ಅಮೆರಿಕದ ಡಯಾಬಿಟಿಸ್ ಸಂಘವೇ ಹೇಳುತ್ತದೆ. ನಮ್ಮ ಕೇಂದ್ರ ಸರ್ಕಾರ ಕೂಡ 2021ರಲ್ಲಿ ಫ್ಯಾಟಿ ಲಿವರನ್ನು ಶುಗರ್, ಕ್ಯಾನ್ಸರ್, ಹೃದಯದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಕಾಗದದಲ್ಲಿ ಇದೆ, ಕ್ಲಿನಿಕ್‌ನಲ್ಲಿ ಆಗಬೇಕು.

ವಿನಯ್_ಲೀಡ್ಸ್:

ನಾನು ಹಾಸನದವನು, ಇಲ್ಲಿ ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಇನ್ನೊಂದು ಬ್ಲಡ್ ಟೆಸ್ಟ್ ಬಳಸುತ್ತಾರೆ, ಇಎಲ್‌ಎಫ್ ಅಂತ. ಫಿಬ್-4 ಲಿವರ್ ಮೇಲಾದ ಪರಿಣಾಮವನ್ನು ನೋಡಿ ಊಹೆ ಮಾಡುತ್ತದೆ. ಇಎಲ್‌ಎಫ್ ಹಾಗಲ್ಲ, ನಾರು ಕಟ್ಟುವ ಕೆಲಸದಲ್ಲೇ ಹುಟ್ಟುವ ಮೂರು ವಸ್ತುಗಳನ್ನು ರಕ್ತದಲ್ಲಿ ಅಳೆಯುತ್ತದೆ: ಹಯಲುರಾನಿಕ್ ಆಸಿಡ್, ಕೊಲಾಜೆನ್ ತಯಾರಾಗುವಾಗ ಉದುರುವ ಒಂದು ತುಂಡು, ಕೊಲಾಜೆನ್ ಕರಗದಂತೆ ತಡೆಯುವ ಟಿಂಪ್-1. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಇದನ್ನು ಶಿಫಾರಸು ಮಾಡಿತು, 10.51 ಅಥವಾ ಮೇಲೆ ಬಂದರೆ ಮುಂದುವರಿದ ಫೈಬ್ರೋಸಿಸ್ ಅಂತ ಲೆಕ್ಕ.

ಎಂಆರ್ ಇಲಾಸ್ಟೋಗ್ರಫಿ ಅಂತಲೂ ಇದೆ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಬೆಳೆದ ವಿಧಾನ. ಹೊಟ್ಟೆಯ ಮೇಲೆ ನಡುಗುವ ಒಂದು ಬಿಲ್ಲೆ ಇಟ್ಟು ಎಂಆರ್‌ಐ ಒಳಗೆ ಅಲೆಯ ಚಿತ್ರ ತೆಗೆಯುತ್ತಾರೆ. ಫೈಬ್ರೋಸ್ಕ್ಯಾನ್ ಲಿವರಿನ ಒಂದು ಚಿಕ್ಕ ಜಾಗ ನೋಡಿದರೆ ಇದು ದೊಡ್ಡ ಭಾಗವನ್ನೇ ನೋಡುತ್ತದೆ, ತುಂಬಾ ದಪ್ಪ ಇರುವವರಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಸೂಜಿ ಇಲ್ಲದ ವಿಧಾನಗಳಲ್ಲಿ ಇದೇ ಹೆಚ್ಚು ನಿಖರ. ಖರ್ಚು ಜಾಸ್ತಿ, ಅದೇ ತೊಂದರೆ.

ಒಂದು ಮಾತು ಎಲ್ಲರೂ ನೆನಪಿಡಿ. ಎಂಆರ್‌ನ ನಂಬರ್ ಕೂಡ ಕಿಲೋಪ್ಯಾಸ್ಕಲ್‌ನಲ್ಲೇ ಬರುತ್ತದೆ, ಆದರೆ ಅಳತೆಗೋಲು ಬೇರೆ. ಫೈಬ್ರೋಸ್ಕ್ಯಾನ್‌ನಲ್ಲಿ 5 ಅಂದರೆ ಆರೋಗ್ಯವಂತ ಲಿವರ್. ಎಂಆರ್‌ನಲ್ಲಿ 5 ಅಂದರೆ ಸಿರೋಸಿಸ್ ಮಟ್ಟ, ಅಲ್ಲಿ 3.6 ದಾಟಿದರೇ ಮುಂದುವರಿದ ಫೈಬ್ರೋಸಿಸ್ ಅಂತ ನೋಡುತ್ತಾರೆ. ಮಾಮೂಲಿ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಈಗ ಅಲ್ಟ್ರಾಸೌಂಡ್‌ನಲ್ಲೇ ಗಟ್ಟಿತನ ಅಳೆಯುವ ಶಿಯರ್ ವೇವ್ ಅಂತ ಮಾಡುತ್ತಾರಲ್ಲ, ಅದರ ಗಡಿಗಳೂ ಫೈಬ್ರೋಸ್ಕ್ಯಾನ್‌ನದೇ ಅಲ್ಲ. ಹಾಗಾಗಿ ಹೋದ ವರ್ಷ ಒಂದು ಮೆಷಿನ್, ಈ ವರ್ಷ ಇನ್ನೊಂದು ಮೆಷಿನ್ ಅಂತ ಮಾಡಿಸಿ ಏರಿತು, ಇಳಿಯಿತು ಅನ್ನಬೇಡಿ.

ದೀಪಾ_ದಾವಣಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂಡಿಗೆರೆಯವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಸೂಜಿ ಇಲ್ಲ ಅಂದ ಮೇಲೆ ಬರಲು ಒಪ್ಪಿದರು. ಖಾಲಿ ಹೊಟ್ಟೆಯಲ್ಲೇ ಮಾಡಿಸಿದೆವು. ಗಟ್ಟಿತನ 9.1, ಐಕ್ಯೂಆರ್ 14 ಪರ್ಸೆಂಟ್, ಹತ್ತು ಅಳತೆ ಸಿಕ್ಕಿದೆ. ಕ್ಯಾಪ್ 309. ಕೆಳಗೆ ‘ಎಫ್2-ಎಫ್3’ ಅಂತ ಟೈಪ್ ಮಾಡಿದ್ದಾರೆ. ಇದಕ್ಕೆ ಏನು ಅರ್ಥ ಡಾಕ್ಟ್ರೇ? ಬಯಾಪ್ಸಿ ಕಡೆಗೆ ಹೋಗಬೇಕಾ?

ಫಿಜಿಶಿಯನ್_ಹುಬ್ಬಳ್ಳಿ:

ಚೆನ್ನಾಗಿ ಮಾಡಿಸಿದ್ದೀರಿ ಅಮ್ಮಾ. ಅಪ್ಪನನ್ನು ಕಣ್ಣಾರೆ ನೋಡದೆ ಪೂರ್ತಿ ತೀರ್ಪು ಕೊಡಬಾರದು, ಆದರೆ ನಂಬರ್ ಓದುವುದು ಹೇಗೆ ಅಂತ ಹೇಳುತ್ತೇನೆ.

ಅಳತೆ ನಂಬುವಂತಿದೆ. ಕ್ಯಾಪ್ 275 ದಾಟಿದರೆ ಕೊಬ್ಬು ಇದೆ ಅಂತ ಅರ್ಥ, ಅದು ಗೊತ್ತಿದ್ದದ್ದೇ, ಅದನ್ನು ಪಕ್ಕಕ್ಕಿಡಿ. ಗಟ್ಟಿತನ 8ಕ್ಕಿಂತ ಕಡಿಮೆ ಇದ್ದಿದ್ದರೆ ಮುಂದುವರಿದ ಫೈಬ್ರೋಸಿಸ್ ಇಲ್ಲ ಅಂತ ಹೇಳಿ ಕಳಿಸಬಹುದಿತ್ತು. 12 ದಾಟಿದ್ದರೆ ಇರುವ ಸಾಧ್ಯತೆ ಜಾಸ್ತಿ ಅನ್ನುತ್ತಿದ್ದೆವು. 9.1 ನಡುವಿನದು. ಎಫ್2-ಎಫ್3 ಅಂತ ಟೈಪ್ ಆಗಿರುವುದು ಮೆಷಿನ್‌ನ ಪಟ್ಟಿ ನೋಡಿ ಬರೆದದ್ದು, ಲಿವರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದಲ್ಲ. ಅದಕ್ಕೆ ಅಂಟಿಕೊಳ್ಳಬೇಡಿ, 9.1 ಅನ್ನುವ ನಂಬರನ್ನು ಇಟ್ಟುಕೊಳ್ಳಿ.

ಎರಡು ಟೆಸ್ಟೂ ನಡುವೆ ಬಂದಿರುವುದರಿಂದ, ಶುಗರೂ ಇರುವುದರಿಂದ, ಈಗ ಲಿವರ್ ತಜ್ಞರನ್ನು ಒಂದು ಸಲ ನೋಡಬೇಕು. ಅವರು ಇಎಲ್‌ಎಫ್ ಅಥವಾ ಎಂಆರ್ ಇಲಾಸ್ಟೋಗ್ರಫಿ ಹೇಳಬಹುದು. ಇಲ್ಲವೇ ಚಿಕಿತ್ಸೆ ಶುರು ಮಾಡಿ ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಅಳೆಯೋಣ ಅನ್ನಬಹುದು. ಬಯಾಪ್ಸಿ ಬೇಕಾಗುವುದು ಟೆಸ್ಟ್‌ಗಳು ಒಂದಕ್ಕೊಂದು ಹೊಂದದೆ ಹೋದಾಗ, ಅಥವಾ ಆಟೋಇಮ್ಯೂನ್‌ನಂತಹ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬೀಳುವ) ಬೇರೆ ಕಾಯಿಲೆಯ ಅನುಮಾನ ಇದ್ದಾಗ. ಬಯಾಪ್ಸಿ ಕೂಡ ಪರಿಪೂರ್ಣ ಅಂದುಕೊಳ್ಳಬೇಡಿ. ಸೂಜಿಗೆ ಬರುವುದು ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು, ಪಕ್ಕದ ಜಾಗದಲ್ಲಿ ತೆಗೆದಿದ್ದರೆ ಬೇರೆ ಹಂತ ಬರಬಹುದಿತ್ತು. ರಕ್ತಸ್ರಾವದ ಅಪಾಯವೂ ಸ್ವಲ್ಪ ಇದೆ. ಚಿಕ್ಕಪ್ಪನಿಗೆ ಇಷ್ಟು ಹೇಳಿ ಸಾಕು.

ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಬಿಟ್ಟು ಅನ್ನನಾಳದಲ್ಲಿ ಊದಿದ ರಕ್ತನಾಳ ಇದೆಯಾ ಅಂತ ನೋಡುವುದರ ಬಗ್ಗೆ ಯಾರಾದರೂ ಹೆದರಿಸಿದರೆ, ಅದು ಸಿರೋಸಿಸ್ ಮಟ್ಟ ತಲುಪಿದವರ ಮಾತು. ಅವರಲ್ಲೂ ಗಟ್ಟಿತನ 20ಕ್ಕಿಂತ ಕಡಿಮೆ ಇದ್ದು ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಎಂಡೋಸ್ಕೋಪಿ ಬಿಡಬಹುದು ಅಂತ ಬವೇನೊ ಅನ್ನುವ ಅಂತರರಾಷ್ಟ್ರೀಯ ಸಭೆಯ ಲಿವರ್ ತಜ್ಞರು ಒಪ್ಪಿದ್ದಾರೆ. ನಿಮಗೆ ಈಗ ಆ ಯೋಚನೆಯೇ ಬೇಡ.

ಈ ಹಂತದಲ್ಲಿ ಸಿಕ್ಕಿರುವುದು ಒಳ್ಳೆಯದಾಯಿತು, ಇದನ್ನು ಅಪ್ಪನಿಗೆ ಒತ್ತಿ ಹೇಳಿ. ನಾರು ಕರಗುತ್ತದೆ. ಕ್ಯೂಬಾದಲ್ಲಿ 293 ಜನರ ಮೇಲೆ ಒಂದು ವರ್ಷ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೂಕದ 10 ಪರ್ಸೆಂಟ್ ಅಥವಾ ಜಾಸ್ತಿ ಇಳಿಸಿದವರಲ್ಲಿ ಸುಮಾರು 45 ಪರ್ಸೆಂಟ್ ಜನರಿಗೆ ಫೈಬ್ರೋಸಿಸ್ ಹಿಂದೆ ಸರಿದಿತ್ತು. ಅಪ್ಪನ ಲೆಕ್ಕದಲ್ಲಿ ಅದು ಎಂಟು ಕೆಜಿ ಚಿಲ್ಲರೆ. ರಾತ್ರಿ ಅನ್ನ, ಮುದ್ದೆ ಅರ್ಧ ಮಾಡಿ. ಸಂಜೆಯ ಮೆಣಸಿನಕಾಯಿ ಮಂಡಕ್ಕಿ, ಸಿಹಿ ಟೀ ಬಿಡಿಸಿ. ದಿನಾ ಬೆವರು ಬರುವಷ್ಟು ನಡೆಸಿ. ಊಟವೇ ಬಿಟ್ಟು ಕೂರುವುದು ಮಾತ್ರ ಬೇಡ, ಶುಗರ್ ಏರುಪೇರಾಗುತ್ತದೆ. ಕೊಲೆಸ್ಟ್ರಾಲ್‌ನ ಸ್ಟಾಟಿನ್ ಮಾತ್ರೆ ಇದ್ದರೆ ಲಿವರ್‌ಗೆ ಕೆಟ್ಟದ್ದು ಅಂತ ನಿಲ್ಲಿಸಬೇಡಿ. ಔಷಧಿಗಳೂ ಬರುತ್ತಿವೆ: ರೆಸ್ಮೆಟಿರಾಮ್‌ಗೆ ಅಮೆರಿಕ 2024ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್‌ಗೆ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಎರಡೂ ಎಫ್2, ಎಫ್3 ಹಂತದವರಿಗೇ. ಅಪ್ಪನಿಗೆ ಯಾವುದಾದರೂ ಬೇಕಾ ಅನ್ನುವುದನ್ನು ತಜ್ಞರು ಹೇಳಲಿ.

ಕೋಡ್_ಮೈಸೂರು:

ಥ್ರೆಡ್ ಓದಿ ನಾನೂ ಲೆಕ್ಕ ಹಾಕಿದೆ. ನನಗೆ 29 ವರ್ಷ, ತೂಕ 96 ಕೆಜಿ, ಆಫೀಸ್ ಚೆಕಪ್‌ನಲ್ಲಿ ಗ್ರೇಡ್ 2 ಅಂತ ಬಂದಿತ್ತು. ಎಸ್‌ಜಿಒಟಿ 40, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2 ಲಕ್ಷ. ಫಿಬ್-4 0.83 ಬಂತು. ಅಂದರೆ ಸೇಫ್ ಅಲ್ವಾ?

ಲ್ಯಾಬ್_ಮಂಜು:

ಅಷ್ಟು ಬೇಗ ನಿರಾಳ ಆಗಬೇಡಿ. ಸೂತ್ರದಲ್ಲಿ ವಯಸ್ಸು ಗುಣಿಸುವ ಜಾಗದಲ್ಲಿದೆ ನೋಡಿ. ನಿಮ್ಮದೇ ರಿಪೋರ್ಟನ್ನು 70 ವರ್ಷದವರಿಗೆ ಹಾಕಿದರೆ 2.0 ಬರುತ್ತದೆ. 35ಕ್ಕಿಂತ ಚಿಕ್ಕವರಲ್ಲಿ ಇದು ಸುಳ್ಳು ಧೈರ್ಯ ಕೊಡುತ್ತದೆ, ಅವರಿಗೆ ಫಿಬ್-4 ನಂಬಬೇಡಿ. 65 ದಾಟಿದವರಲ್ಲಿ ಉಲ್ಟಾ, ಸುಮ್ನೆ ಮೇಲೆ ತೋರಿಸುತ್ತದೆ, ಅದಕ್ಕೇ ಅವರಿಗೆ ಕೆಳಗಿನ ಗಡಿಯನ್ನು 1.3ರ ಬದಲು 2.0 ಅಂತ ಇಟ್ಟಿದ್ದಾರೆ.

ನಿಮ್ಮ ತೂಕಕ್ಕೆ ನೇರವಾಗಿ ಫೈಬ್ರೋಸ್ಕ್ಯಾನ್ ಮಾಡಿಸಿ, ಎಕ್ಸ್ಎಲ್ ಪ್ರೋಬ್ ಇರುವ ಕಡೆ. ಜೊತೆಗೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ. ಜಿಮ್‌ಗೆ ಹೋಗುವವರಾದರೆ ಬ್ಲಡ್ ಕೊಡುವ ಮೊದಲು ಎರಡು ಮೂರು ದಿನ ಭಾರ ಎತ್ತಬೇಡಿ, ಮಾಂಸಖಂಡ ದಣಿದರೂ ಎಸ್‌ಜಿಒಟಿ ಏರುತ್ತದೆ. ರಿಪೋರ್ಟ್ ಬಂದ ಮೇಲೆ ಗಟ್ಟಿತನ ಎಷ್ಟು, ಐಕ್ಯೂಆರ್ ಎಷ್ಟು, ಯಾವ ಪ್ರೋಬ್ ಅಂತ ಇಲ್ಲೇ ಬರೆಯಿರಿ, ನೋಡೋಣ.